ವೆಸ್ ತೊಟ್ಟ ಬೂದು ಅಂಗಿ

ಟೇಬರ್ ಕ್ರೀಕ್, ನೆಬ್ರಾಸ್ಕ
ಸೆಪ್ಟೆಂಬರ್ 8, 2024, ಭಾನುವಾರ

ಮುದ್ದಿನ ಲಿಬ್ಬಿಗೆ,

ಅಜ್ಜಿಯ ನೆನಪುಗಳು. ನೀನು ಕಳಿಸಿದ ಸರೋವರದ ಚಿತ್ರದ ಕಾರ್ಡು ಫ್ರಿಜ್ಜಿನ ಬಾಗಿಲಿಗೆ ಅಂಟಿ ಕೂತು ಬಹಳ ದಿನವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಈ ಸಲ ಟೊಮೆಟೊಗಳೆಲ್ಲ ಮಾತಾಡಿಕೊಂಡವರಂತೆ ಒಂದೇ ವಾರದಲ್ಲಿ ಹಣ್ಣಾಗಿ ನನ್ನ ಜೀವ ತಿಂದವು. ಕುದಿಸಿ, ಜಾಡಿಗೆ ತುಂಬಿ, ನೆಲಮಾಳಿಗೆಗೆ ಇಳಿಸುವಷ್ಟರಲ್ಲಿ ನನ್ನ ಮಂಡಿಗಳು ಮುಷ್ಕರ ಹೂಡಿದವು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನಗೆ ಬೇಡದ ಮಾತು ಬಂದ ಕೂಡಲೇ ‘ಅಜ್ಜಿ, ಕ್ಲಾಸಿಗೆ ಹೊತ್ತಾಯ್ತು’ ಎಂದುಬಿಡುತ್ತೀಯ. ಕಾಗದದಲ್ಲಿ ಆ ಸೌಲಭ್ಯವಿಲ್ಲ.

ಇಲ್ಲಿ ಎಲ್ಲರೂ ಆರಾಮ. ಮುಸುಕಿನ ಜೋಳ ಒಣಗುತ್ತಿದೆ. ಇವತ್ತು ಚರ್ಚಿನಲ್ಲಿ ಮಾಂಸ, ಕಾಳು ಹಾಕಿದ ಚಿಲ್ಲಿ ಸಾರಿನ ಊಟವಿತ್ತು, ಜೊತೆಗೆ ಯಾವಾಗಲಿನಂತೆ ದಾಲ್ಚಿನ್ನಿಯ ಸಿಹಿ ರೋಲುಗಳು, ಅವು ನನ್ನವು. ಹೊಸ ಪಾದ್ರಿ ವಿಸ್ಕಾನ್ಸಿನ್ ಕಡೆಯವರು. ಖಾರದ ಚಿಲ್ಲಿ ಜೊತೆ ಸಿಹಿ ರೋಲು ಯಾಕೆ ಎಂದು ಕೇಳಿ ಊರಿನ ಅರ್ಧ ಜನರ ಪ್ರೀತಿ ಕಳೆದುಕೊಂಡರು.

ನಿನ್ನ ಕಾರ್ಡಿನ ಕೊನೆಯಲ್ಲಿ, ಜಾಗ ಮುಗಿದ ಮೇಲೆ, ಅಂಚಿನಲ್ಲಿ ಒಂದು ಸಾಲು ಇದೆ: ‘ಅವನು ಆ ಒಮಾಹಾದ್ದಕ್ಕೆ ಹೋದನಾ?’ ಅವನು ಎಂದರೆ ಯಾರು ಎಂದು ಕೇಳುವಷ್ಟು ಮುದಿತನ ನನಗಿನ್ನೂ ಬಂದಿಲ್ಲ. ನೀನು ಹೈಸ್ಕೂಲು ಮುಗಿಸಿದವರ ಟೋಪಿ ಹಾಕಿಕೊಂಡು ಶಾಲೆಯ ವೇದಿಕೆ ಹತ್ತಿದ ದಿನ, ನಿನ್ನ ಜೊತೆಗೇ ಹುಟ್ಟಿದ ತಮ್ಮ ವೆಸ್ ಬೇಸ್‌ಬಾಲ್ ಪಂದ್ಯವಿದೆ ಎಂದು ಕ್ಯಾನ್ಸಸ್‌ಗೆ ಹೋಗಿದ್ದ. ಅವತ್ತಿನಿಂದ ನೀವಿಬ್ಬರೂ ಮಾತಾಡಿಲ್ಲ. ನೀನು ಜೂನ್‌ನಲ್ಲೇ ಡುಲುತ್‌ಗೆ ಕಾಲೇಜಿನಲ್ಲಿ ಮೀನುಗಳ ಬಗ್ಗೆ ಓದಲೆಂದು ಹೊರಟುಹೋದೆ. ಅದನ್ನು ಮರೆತುಬಿಡು ಎಂದು ನಾನು ಹೇಳುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ಅಷ್ಟೇ.

ಹೋದ. ಆದರೆ ಹೋಗಬೇಕೋ ಬೇಡವೋ ಎಂದು ತೀರ್ಮಾನವಾಗುವಷ್ಟರಲ್ಲಿ ನಮ್ಮ ಮನೆಯಲ್ಲಿ ಬೇಸಿಗೆಯೇ ಮುಗಿದಿತ್ತು.

ಒಮಾಹಾ ನಗರದಲ್ಲಿ ನಡೆಯುವ ಆ ಬೇಸ್‌ಬಾಲ್ ಪ್ರದರ್ಶನವನ್ನು ಅವರೆಲ್ಲ ಷೋಕೇಸ್ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಕೌಂಟಿ ಮೇಳದ ಕರುಗಳ ಸ್ಪರ್ಧೆಯೇ. ನೀನು ನಿನ್ನ ಕಂದು ಕರುವಿಗೆ ಹಗ್ಗ ಹಾಕಿ ತೀರ್ಪುಗಾರರ ಮುಂದೆ ಸುತ್ತು ಹೊಡೆಸುತ್ತಿದ್ದೆಯಲ್ಲ, ಹಾಗೆ. ಇಲ್ಲಿ ಹುಡುಗರು ಓಡುತ್ತಾರೆ, ಎಸೆಯುತ್ತಾರೆ, ಹೊಡೆಯುತ್ತಾರೆ. ಕೆಲವರು ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳುತ್ತಾರೆ. ಕಾಲೇಜು ತಂಡಗಳ ಕೋಚ್‌ಗಳು ನೋಡಿ ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ, ನೋಡಲು ಬಂದಿದ್ದರೆ. ಇಲ್ಲಿ ಶುಲ್ಕ ಕಟ್ಟುವುದು ಮಾತ್ರ ಕರುವಿನ ಕಡೆಯವರೇ.

ಆಹ್ವಾನ ಬಂದ ದಿನ ನಿನ್ನ ಅಪ್ಪ ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನು ಓದಿ ಹೇಳಿದ. ‘ವಿಶೇಷವಾಗಿ ಆರಿಸಿದ್ದೇವೆ ಅಂತ ಬರ್ದಿದಾರೆ ಕಣಮ್ಮ. ನೋಡಿಲ್ಲಿ, ವಿಶೇಷವಾಗಿ!’

ಪಕ್ಕದ ಮನೆಯ ಡೋರಿಸ್ ಆಗ ಮೊಟ್ಟೆ ಕೇಳಲು ಬಂದಿದ್ದಳು. ‘ನಮ್ಮ ಕ್ಯಾಲಬ್‌ಗೂ ಬಂದಿದೆ,’ ಎಂದಳು. ಡೋರಿಸ್‌ಳ ಮೊಮ್ಮಗ ಕ್ಯಾಲಬ್ ಆಟ ಬಿಟ್ಟು ಎರಡು ವರ್ಷವಾಯಿತು, ಈಗ ಶಾಲೆಯ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಾನೆ ಎಂಬುದು ನಿನಗೆ ಗೊತ್ತೇ ಇದೆ.

‘ಟ್ರಾಂಬೋನ್ ಎಷ್ಟು ದೂರ ಎಸೀತಾನೆ ಅಂತ ನೋಡ್ಬೇಕೇನೋ ಅವ್ರಿಗೆ,’ ಎಂದಳು ನಿನ್ನ ಅಮ್ಮ. ಎಲ್ಲರೂ ನಕ್ಕೆವು. ನಿನ್ನ ಅಪ್ಪ ನಗಲಿಲ್ಲ.

ಅಲ್ಲಿಂದ ಶುರುವಾಯಿತು. ನಿನ್ನ ಅಪ್ಪನದು ಒಂದೇ ಪಲ್ಲವಿ, ‘ಇದೊಂದ್ಸಲ ನೋಡೋಣ ಕಾರ್ಲಾ.’ ನಿನ್ನ ಅಮ್ಮನದು, ‘ಪ್ರತಿಸಲಾನೂ ಇದೊಂದ್ಸಲಾನೇ ರಸ್.’ ಇಬ್ಬರೂ ಸೇರಿ ಶಾಲೆಯ ಕೋಚ್ ಪೆಲ್ಟನ್ ಅವರ ಬಳಿಗೆ ಹೋದರು. ಪೆಲ್ಟನ್ ಸುತ್ತಿ ಬಳಸಿ ಮಾತಾಡುವ ಮನುಷ್ಯರಲ್ಲ. ‘ಯಾವನಾದ್ರೂ ಕಾಲೇಜ್ ಕೋಚು ನಿನ್ನ ನೋಡೋಕೆ ಅಲ್ಲಿಗೆ ಬರ್ತೀನಿ ಕಣಪ್ಪಾ ಅಂತ ಮೊದ್ಲೇ ಹೇಳಿದ್ರೆ ಹೋಗಿ. ಇಲ್ದಿದ್ರೆ ಮನೇಲಿರಿ. ಅವ್ರು ಬರೋವಾಗ್ಲೇ ಹೆಸರು ಬರ್ಕೊಂಡು ಬಂದಿರ್ತಾರೆ. ಹೆಸರಿಲ್ದೋನು ಅಲ್ಲಿ ಮರ ಹತ್ತಿ ಕುಣಿದ್ರೂ ಯಾರೂ ತಲೆ ಎತ್ತಲ್ಲ,’ ಎಂದರಂತೆ.

ಸರಿ, ವೆಸ್ ಕೋಚ್‌ಗಳಿಗೆ ಬರೆಯತೊಡಗಿದ. ಜುಲೈ ಪೂರ್ತಿ ಬೆಳಿಗ್ಗೆ ಬಿತ್ತನೆ ಜೋಳದ ಹೊಲಗಳಲ್ಲಿ ಗಿಡದ ತುದಿಯ ಸೂಲಂಗಿ ಹೂ ಕೀಳುವ ಕೂಲಿಗೆ ಹೋಗುತ್ತಿದ್ದ. ಮಧ್ಯಾಹ್ನ ಕೈಯೆಲ್ಲ ಎಲೆಯ ಗೀರು ಮಾಡಿಕೊಂಡು ಬಂದು ನನ್ನ ಮೇಜಿನ ಮುಂದೆ ಕೂತು ಕಾಲೇಜುಗಳಿಗೆ ಬರೆಯುತ್ತಿದ್ದ: ನಾನು ಇಂಥವನು, ಕ್ಯಾಚರ್, ಒಮಾಹಾಕ್ಕೆ ಬರುತ್ತೀರಾ? ಹೆಚ್ಚಿನವರು ಉತ್ತರಿಸಲಿಲ್ಲ. ಉತ್ತರಿಸಿದವರು ತಮ್ಮದೇ ಶಿಬಿರಕ್ಕೆ ಬಾ, ಶುಲ್ಕ ಇಷ್ಟು ಎಂದರು. ‘ಇವ್ರೂ ವಿಶೇಷವಾಗೇ ಆರಿಸಿದಾರೆ ಅಜ್ಜಿ,’ ಎಂದ ನಮ್ಮ ಹುಡುಗ, ಮುಖದಲ್ಲಿ ಗೆರೆಯೂ ಅಲುಗಿಸದೆ.

ಪೆಲ್ಟನ್ ಮಾತಿನ ಪ್ರಕಾರ ಮನೆಯಲ್ಲೇ ಇರಬೇಕಿತ್ತು. ನಿನ್ನ ಅಮ್ಮ ಹಾಗೆಂದೇ ಹೇಳಿದಳು. ಆಗ ವೆಸ್ ಫೋರ್ಕ್ ಕೆಳಗಿಟ್ಟು, ‘ನಾನು ಹೋಗ್ತೀನಮ್ಮ,’ ಎಂದ. ‘ಯಾರೂ ನೋಡ್ದೇ ಇದ್ರೆ, ಯಾರೂ ನೋಡ್ಲಿಲ್ಲ ಅಂತಾದ್ರೂ ಗೊತ್ತಾಗತ್ತೆ. ಕಾದು ಕಾದು ಸಾಕಾಗಿದೆ ನಂಗೆ.’ ಕಾಲೇಜಿನಲ್ಲೂ ಕ್ಯಾಚರ್ ಆಗಿ, ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುತ್ತ, ಆಡಬೇಕು ಎಂಬುದೊಂದು ಬಿಟ್ಟು ಅವನು ಈ ಭೂಮಿಯ ಮೇಲೆ ಇನ್ನೇನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಈ ಬೇಸಿಗೆ ಹೋದರೆ ಶಾಲೆ ಮುಗಿಯುವ ಮೊದಲು ಇನ್ನು ಬೇಸಿಗೆಯಿಲ್ಲ. ಯಾರಿಗೂ ಬೇಡವಾದರೆ ಅಪ್ಪನ ಜೊತೆ ಹೊಲಗಳಿಗೆ ನೀರು ಹಾಯಿಸುವ ಯಂತ್ರ ರಿಪೇರಿಗೆ ನಿಲ್ಲಬೇಕು.

ಕಾದು ಸಾಕಾಯಿತು ಎಂದನಲ್ಲ. ನಿನಗೆ ಇಷ್ಟವಿಲ್ಲದ ಮಾತು ಇಲ್ಲಿದೆ, ಓದು. ಆ ಕೊರೊನಾ ರೋಗದ ವರ್ಷ, ನೀವಿಬ್ಬರೂ ಎಂಟನೆಯ ತರಗತಿ ಮುಗಿಸಿದಾಗ, ಬೇಸಿಗೆ ತಂಡದ ಯಾರೋ ನಿನ್ನ ಅಮ್ಮನ ಕಿವಿ ಕಚ್ಚಿದರು. ಇವನನ್ನು ಒಂದು ವರ್ಷ ಹಿಂದೆ ಉಳಿಸಿ, ಈಗ ಎಲ್ಲರೂ ಹಾಗೇ ಮಾಡುತ್ತಿದ್ದಾರೆ, ಬೆಳೆಯಲು ಒಂದು ವರ್ಷ ಸಿಗುತ್ತದೆ, ಜೊತೆಯವರಿಗಿಂತ ದೊಡ್ಡವನಾಗಿ ಕಾಣುತ್ತಾನೆ ಎಂದು. ಫೇಲಾದ ಹುಡುಗನಲ್ಲ, ದಡ್ಡನೂ ಅಲ್ಲ. ಆದರೂ ಶಾಲೆಗೆ ಹೋಗದೆ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಎಂಟನೆಯ ತರಗತಿಯನ್ನೇ ಇನ್ನೊಮ್ಮೆ ಓದಿದ. ಅಲ್ಲಿಯವರೆಗೆ ನೀವಿಬ್ಬರೂ ಒಂದೇ ಬೆಂಚು, ಒಂದೇ ಬಸ್ಸು. ಬಾಯಿ ನಿನ್ನದು, ತಲೆಯಾಡಿಸುವ ಕೆಲಸ ಅವನದು. ಹೈಸ್ಕೂಲಿನ ಮೊದಲ ದಿನ ನೀನು ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡು ಯಾರನ್ನೂ ಕೂರಿಸಲಿಲ್ಲ ಎಂದು ಬಸ್ ಡ್ರೈವರು ನನಗೆ ಹೇಳಿದ. ನಾನು ಯಾರಿಗೂ ಹೇಳಲಿಲ್ಲ.

ಆ ಒಂದು ವರ್ಷದಲ್ಲಿ ಬೆಳೆದವಳು ನೀನು. ಅವನು ಇದ್ದಲ್ಲೇ ಇದ್ದ. ಈಗಲೂ ಅವನ ತಲೆ ನಿನ್ನ ಕಿವಿಯವರೆಗೆ ಬಂದೀತು.

ಆಗಸ್ಟ್ ಮೊದಲ ಶನಿವಾರ ಹೋದೆವು. ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನುಗಳ ಬುಟ್ಟಿ ಹಿಡಿದುಕೊಂಡು ನಾನೂ ಹತ್ತಿದೆ, ಯಾರೂ ಕರೆದಿರಲಿಲ್ಲ. ಒಮಾಹಾದ ಆಚೆ ಸಾಲಾಗಿ ಮೈದಾನಗಳು, ಒಂದರಲ್ಲೂ ನಿಜವಾದ ಹುಲ್ಲಿಲ್ಲ. ಹಸಿರು ಚಾಪೆಯ ಒಳಗಿಂದ ಕರಿ ರಬ್ಬರಿನ ಕಾಳು ಎದ್ದು ಚಪ್ಪಲಿಗೆ ಸೇರುತ್ತದೆ. ಇವತ್ತಿಗೂ ನನ್ನ ಕಂಬಳಿಯಲ್ಲಿ ಸಿಗುತ್ತಿದೆ. ನಿನ್ನ ಅಪ್ಪ ಅಮ್ಮ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಹೆಸರು ಕೊಡುವ ಮೇಜಿನ ಹತ್ತಿರ ವೆಸ್ ಮತ್ತು ನಾನು ಮಾತ್ರ.

ಅಲ್ಲಿ ಹುಡುಗರಿಗೆ ಹೆಸರಿಗಿಂತ ವರ್ಷ ಮುಖ್ಯ. ನಾನು ಟೊಮೆಟೊ ಜಾಡಿಗಳ ಮೇಲೆ ಬರೆದಿಡುವ ಹಾಗೆ ಒಬ್ಬೊಬ್ಬನಿಗೂ ಒಂದು ವರ್ಷ, ಶಾಲೆ ಮುಗಿಸುವ ವರ್ಷ. ಅದರ ಪ್ರಕಾರವೇ ಅಂಗಿಯ ಬಣ್ಣ, ಅದರ ಪ್ರಕಾರವೇ ಮೈದಾನ. ಮೇಜಿನ ಹುಡುಗಿ ಬಾಯಲ್ಲಿ ಗಮ್ ಅಗಿಯುತ್ತ, ಪಟ್ಟಿ ನೋಡುವ ಗೋಜಿಗೆ ಹೋಗದೆ, ವೆಸ್‌ನನ್ನೇ ಏನೋ ಕೇಳಿದಳು. ಅವನು ಏನೋ ಹೇಳಿದ. ನಾನು ಬುಟ್ಟಿ ಕೆಳಗಿಡುತ್ತಿದ್ದೆ, ಕೇಳಿಸಲಿಲ್ಲ. ಅವಳು ಬೂದು ಬಣ್ಣದ ಅಂಗಿ ಕೊಟ್ಟಳು. ಬಣ್ಣದ ಲೆಕ್ಕ ಆಗ ಗೊತ್ತಿಲ್ಲದ ನಾನು, ಬೂದು ಎಂದರೆ ಮಧ್ಯಮ ಅಳತೆ ಇರಬೇಕು ಎಂದುಕೊಂಡೆ.

ನಿನ್ನ ಅಪ್ಪ ಬಂದವನೇ ಹೌಹಾರಿದ. ‘ಇವ್ನ್ಯಾಕೆ ಬೂದು ಹಾಕ್ಕೊಂಡಿದಾನೆ? ಬೂದು ಈ ವರ್ಷ ಮುಗಿಸಿದವರದ್ದು! ಇವ್ನು ಎರಡು ಸಾವಿರದ ಇಪ್ಪತ್ತೈದಕ್ಕೆ ಸ್ಕೂಲ್ ಮುಗಿಸೋನು, ನೀಲಿ ಅಲ್ವಾ ಬೇಕಿದ್ದು?’

ಮೇಜಿಗೆ ಓಡಿದ. ಹುಡುಗಿ, ‘ಗುಂಪು ಮಾಡಿಯಾಯ್ತು ಸರ್. ಊಟ ಆದ್ಮೇಲೆ ಬದಲಾಯಿಸಿ ಕೊಡ್ತೀನಿ,’ ಎಂದಳು.

‘ಅಷ್ಟೊತ್ತಿಗೆ ಎಲ್ಲಾ ಮುಗ್ದಿರತ್ತಮ್ಮ!’

‘ಸಾರಿ ಸರ್,’ ಎಂದಳು, ಗಮ್ ಆ ದವಡೆಯಿಂದ ಈ ದವಡೆಗೆ ಹೋಯಿತು.

ಹೀಗೆ ನಿನ್ನ ತಮ್ಮ ಕೊನೆಯ ಮೈದಾನಕ್ಕೆ ಹೋದ, ಹೆದ್ದಾರಿಯ ಬೇಲಿಗೆ ಅಂಟಿಕೊಂಡಿರುವುದಕ್ಕೆ. ಶಾಲೆ ಮುಗಿಸಿಯೂ ಯಾವ ಕಾಲೇಜಿನ ತಂಡಕ್ಕೂ ಬೇಡವಾಗಿ ಉಳಿದ ಹುಡುಗರು ಅಲ್ಲಿದ್ದವರು. ಕೋಚ್‌ಗಳೆಲ್ಲ ಮೊದಲ ಮೈದಾನದ ಹಿಂದೆ ಗುಂಪುಗಟ್ಟಿದ್ದರು. ದೀಪದ ಕಂಬದಷ್ಟು ಉದ್ದದ ಒಬ್ಬ ಹುಡುಗ ಅಲ್ಲಿ ಚೆಂಡು ಎಸೆಯುತ್ತಿದ್ದ. ಪೆಲ್ಟನ್ ಹೇಳಿದ್ದು ನಿಜ, ಎಲ್ಲರ ಕೈಯಲ್ಲೂ ಪಟ್ಟಿಯಿತ್ತು. ನಮ್ಮ ಕಡೆ ನೋಡುವವರು ಎಂದರೆ ನಾವು, ಮತ್ತು ಮಡಚುವ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಿದ್ದ ಒಬ್ಬ ಗಿಡ್ಡ ಮನುಷ್ಯ.

ನಿನ್ನ ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಆಟ ನೋಡಿದೆ. ಲಿಬ್ಬಿ, ಆ ಹುಡುಗರಿಗೆ ಗಡ್ಡ ಮೂಡಿತ್ತು, ಒಬ್ಬನಿಗೆ ಮದುವೆಯೂ ಗೊತ್ತಾಗಿತ್ತಂತೆ. ಅವರ ನಡುವೆ ವೆಸ್ ನಗುತ್ತಿದ್ದ. ಮೈದಾನದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಅವರೆಲ್ಲ ಅವನ ವಯಸ್ಸಿನವರು, ಅಷ್ಟೇ ವಿಷಯ. ಚೆಂಡು ಎಸೆಯುವ ಒಬ್ಬ ಹುಡುಗ ಹೆದರಿ ಅಡ್ಡಾದಿಡ್ಡಿ ಎಸೆಯತೊಡಗಿದಾಗ ವೆಸ್ ಎದ್ದು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಹುಡುಗ ಗೊಳ್ಳೆಂದು ನಕ್ಕು, ಆಮೇಲೆ ನೆಟ್ಟಗೆ ಎಸೆದ. ಏನು ಹೇಳಿದೆಯೋ ಎಂದು ನಂತರ ಕೇಳಿದರೆ, ‘ನಮ್ಮಜ್ಜಿ ಬುಟ್ಟೀಲಿ ಕೊಲಾಚೆ ಇದೆ, ಇವನ್ನ ಔಟ್ ಮಾಡಿದ್ರೆ ನಿಂಗೆ ಒಂದು ಅಂದೆ. ಕೊಡ್ಬೇಕು ಅಜ್ಜಿ, ಮಾತು ಕೊಟ್ಟಿದೀನಿ,’ ಎಂದ. ಕೊಟ್ಟೆ.

ಊಟದ ಹೊತ್ತಿಗೆ ಆ ಗಿಡ್ಡ ಮನುಷ್ಯ ಕುರ್ಚಿ ಮಡಚಿಕೊಂಡು ನಮ್ಮ ಹತ್ತಿರ ಬಂದ. ಹೆಸರು ಹೇಗೆನ್, ಸೌತ್ ಡಕೋಟಾದ ಒಂದು ಪುಟ್ಟ ಕಾಲೇಜಿನ ಕೋಚ್.

‘ಆ ಕ್ಯಾಚರ್ ನಿಮ್ಮ ಹುಡುಗನಾ?’ ಎಂದರು. ‘ನನ್ನ ಕ್ಯಾಚರ್ ಹೋದ ವಾರ ಮಂಡಿ ಮುರ್ಕೊಂಡ. ಹತ್ತೊಂಬತ್ತನೇ ತಾರೀಖು ಕಾಲೇಜ್ ಶುರು. ಇವನು ಬರೋ ಹಾಗಿದ್ರೆ ಹಾಸ್ಟೆಲಲ್ಲಿ ಮಂಚ ಇದೆ, ಶುಲ್ಕದಲ್ಲಿ ದೊಡ್ಡ ಪಾಲು ನಾವೇ ನೋಡ್ಕೋತೀವಿ. ಏನಂತೀರಿ?’

ವೆಸ್ ಅಷ್ಟರಲ್ಲಿ ಮುಖದ ರಕ್ಷಾಕವಚವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

‘ಸರ್, ನನಗಿನ್ನೂ ಒಂದು ವರ್ಷ ಸ್ಕೂಲಿದೆ,’ ಎಂದ.

‘ಅಂಗಿ ಬೂದು ಇದೆಯಲ್ಲಪ್ಪಾ?’

‘ತಪ್ಪಾಗಿದೆ ಸರ್.’

‘ವಯಸ್ಸೆಷ್ಟು ನಿಂಗೆ?’

‘ಹದಿನೆಂಟು.’

ಹೇಗೆನ್ ಅವನನ್ನು ಬಿಟ್ಟು ನಿನ್ನ ಅಮ್ಮನ ಮುಖ ನೋಡಿದರು. ಅವಳೇ ಹೇಳಿದಳು, ‘ನಾವು ಒಂದು ವರ್ಷ ಹಿಂದೆ ಉಳಿಸಿದ್ವಿ.’

‘ಯಾಕೆ?’

‘ಬೆಳೀಲಿ ಅಂತ.’

ಹೇಗೆನ್ ತಮ್ಮನ್ನೇ ಮೇಲಿಂದ ಕೆಳಗೆ ಒಮ್ಮೆ ನೋಡಿಕೊಂಡರು. ವೆಸ್‌ಗಿಂತ ಎರಡು ಬೆರಳು ಕಡಿಮೆಯೇ ಇದ್ದಾರು. ‘ಹದಿನಾಲ್ಕು ವರ್ಷ ಕ್ಯಾಚರ್ ಆಗಿದ್ದೆ ನಾನು,’ ಎಂದರು. ‘ಕೂತ್ಕೊಂಡು ಆಡೋ ಜಾಗ ಅದು ತಾಯಿ.’ ವ್ಯಂಗ್ಯವಿರಲಿಲ್ಲ, ಪಾಪ, ಸಮಾಧಾನಕ್ಕೆಂದೇ ಹೇಳಿದ್ದು. ‘ಮುಂದಿನ ವರ್ಷಕ್ಕೆ ಇಬ್ಬರಿಗೆ ಆಗ್ಲೇ ಮಾತು ಕೊಟ್ಟಿದೀನಿ. ಈ ವರ್ಷದವನಾಗಿದ್ರೆ ಇವತ್ತೇ ಕರ್ಕೊಂಡು ಹೋಗ್ತಿದ್ದೆ. ಒಬ್ಬ ಗೆಳೆಯನಿಗೆ ಇವನ ಹೆಸರು ಹೇಳಿ ನೋಡ್ತೀನಿ.’ ನಾನು ಕೊಟ್ಟ ಕೊಲಾಚೆ ತಿಂದು, ಚೆನ್ನಾಗಿದೆ ಎಂದು, ಹೋದರು.

ಊಟದ ಮೇಲೆ ವೆಸ್‌ಗೆ ನೀಲಿ ಅಂಗಿ ಕೊಟ್ಟರು. ನೀಲಿಯವರ ಮೈದಾನದಲ್ಲಿ ಸಂಜೆಯವರೆಗೆ ಆಡಿದ. ತಪ್ಪೇನೂ ಮಾಡಲಿಲ್ಲ. ಯಾರೂ ನೋಡಲಿಲ್ಲ.

ವಾಪಸು ಬರುವಾಗ ಕಾರು ಲಿಂಕನ್ ನಗರ ದಾಟಿದ ಮೇಲೆ ನಿನ್ನ ಅಮ್ಮ ಹಿಂದೆ ತಿರುಗಿ, ‘ಅತ್ತೆ, ಆ ಒಂದು ವರ್ಷ...’ ಎಂದು ಶುರುಮಾಡಿ ಅಲ್ಲಿಗೇ ಬಿಟ್ಟಳು. ವೆಸ್ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದ, ನಿದ್ದೆ ಮಾಡುತ್ತಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಮಗನಿಗೆ ಒಳ್ಳೆಯದಾಗಲಿ ಎಂದು ಮಾಡಿದವಳು.

ಇನ್ನು, ಹೋಗಿದ್ದು ಸಾರ್ಥಕವೇ ಎಂದು ಕೇಳುವೆಯಾದರೆ, ನಾನು ಏನೆಂದು ಹೇಳಲಿ? ಹೆಸರಿಲ್ಲದವನನ್ನು ಯಾರೂ ನೋಡುವುದಿಲ್ಲ ಎಂದರು, ಒಬ್ಬರು ನೋಡಿದರು. ನೋಡಿ ಬೇಕು ಎಂದರು. ಆ ಮಟ್ಟಿಗೆ ಒಮಾಹಾದವರ ಮೇಲೆ ನನ್ನ ದೂರಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತು, ತೆಗೆದುಕೊಳ್ಳಲು ಕೈಯಲ್ಲಿ ವರ್ಷವಿರಲಿಲ್ಲ. ಅಕ್ಟೋಬರಿನಲ್ಲಿ ಇನ್ನೊಂದು ಷೋಕೇಸ್ ಇದೆಯಂತೆ, ಮತ್ತೆ ವಿಶೇಷವಾಗಿ ಆರಿಸಿದ್ದಾರೆ. ನಿನ್ನ ಅಪ್ಪನಿಗೆ ಆಗಲೇ ಕಾಲು ನಿಲ್ಲುತ್ತಿಲ್ಲ. ವೆಸ್ ಮಾತ್ರ, ಯಾರಾದರೂ ಒಬ್ಬ ಕೋಚ್ ಬರುತ್ತೇನೆ ಎಂದು ಬರೆದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದಾನೆ. ಹೇಗೆನ್ ಅವರ ಗೆಳೆಯನಿಂದ ಇನ್ನೂ ಸುದ್ದಿಯಿಲ್ಲ.

ಅಲ್ಲಿ ಚಳಿ ಬೇಗ ಬರುತ್ತದಂತೆ. ನಾನು ಹೆಣೆದ ಕಾಲುಚೀಲಗಳು ನಿನ್ನ ಪೆಟ್ಟಿಗೆಯ ತಳದಲ್ಲಿವೆ, ಚೆಂದವಿಲ್ಲ ಎಂದು ಎಸೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಓದು, ನಿನ್ನ ಸರೋವರ, ನಿನ್ನ ಮೀನುಗಳು ಎಲ್ಲ ನಿನಗೆ ಒಲಿಯಲಿ. ದೂರದಿಂದಲೇ ನಿನ್ನ ತಲೆ ಸವರಿದ್ದೇನೆ ಎಂದುಕೋ.

ನಿನ್ನ ಅಜ್ಜಿ,
ವ್ಲಾಸ್ತಾ

ಮರೆತ ಮಾತು: ನಿನಗೆ ಹೇಳಬೇಡ ಎಂದು ವೆಸ್ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ, ಹಾಗಾಗಿ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಆ ಕ್ಯಾನ್ಸಸ್ ಪಂದ್ಯಕ್ಕೆ ಅವನನ್ನು ಯಾರೂ ಕರೆದಿರಲಿಲ್ಲ. ಆ ತಂಡಕ್ಕೆ ಬೇರೆ ಕ್ಯಾಚರ್ ಇದ್ದ. ಇವನೇ ಫೋನ್ ಮಾಡಿ ಬರುತ್ತೇನೆ ಎಂದು ಹೋಗಿ, ಇಡೀ ದಿನ ಆಡದೆ ಕೂತು ಬಂದನಂತೆ. ‘ನಮ್ಮ ಕ್ಲಾಸಿನವರೆಲ್ಲ ಟೋಪಿ ಹಾಕ್ಕೊಂಡು ಸಾಲಾಗಿ ಹೋಗೋದನ್ನ ಪ್ರೇಕ್ಷಕರ ಜೊತೆ ಕೂತು ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಅಜ್ಜಿ. ಅವ್ಳಿಗೆ ಹೇಗೆ ಹೇಳೋದು ಅದನ್ನ?’ ಎಂದ. ಒಮಾಹಾದ ಮೇಜಿನ ಹುಡುಗಿ ಶಾಲೆ ಮುಗಿಸುವ ವರ್ಷ ಕೇಳಿದಾಗ ಇಪ್ಪತ್ತೈದರ ಬದಲು ಇಪ್ಪತ್ತನಾಲ್ಕು ಎಂದು ಯಾಕೆ ಹೇಳಿದೆ, ಬೇಕೆಂದೇ ಹೇಳಿದೆಯಾ ಎಂದೂ ಕೇಳಿದೆ. ಕೊಲಾಚೆ ಬುಟ್ಟಿ ತೊಳೆಯುತ್ತಿದ್ದವನು ಕೈ ನಿಲ್ಲಿಸಿ, ‘ಇಲ್ಲಜ್ಜಿ, ಬಾಯಿಗೆ ಅದೇ ಬಂತು,’ ಎಂದ. ‘ಚಿಕ್ಕೋರಿದ್ದಾಗ ಯಾರು ಯಾವ ಕ್ಲಾಸು ಅಂತ ಕೇಳಿದ್ರೂ ಲಿಬ್ಬಿನೇ ಇಬ್ಬರದ್ದೂ ಸೇರಿಸಿ ಹೇಳ್ತಿದ್ಲು. ನಂಗೊಬ್ಬನದ್ದೇ ಹೇಳೋಕೆ ಇನ್ನೂ ಬರಲ್ಲ.’